ನಮ್ಮ ಬೇಕರಿಯಲ್ಲಿ ತಮ್ಮ ನಿರ್ಭೀತ ಇಲಿಗಳು

ಸಂಶೋಧನಾ ಅನುದಾನ ಮಂಡಳಿಯ ಅಧ್ಯಕ್ಷ ಪೀಠವನ್ನು ಅಲಂಕರಿಸಿ, ಏನೇ ಆದರೂ ಅಲ್ಲಿಂದ ಅಲುಗದೆ ಕುಳಿತಿರುವ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಅಮೂಲ್ಯ ಸಮಯದ ಒಂದು ಚೂರನ್ನು ಕಬಳಿಸುತ್ತಿರುವುದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ತಮ್ಮ ಮಂಡಳಿಯ ಕೃಪೆಯಿಂದ ನಮ್ಮ ಬ್ರೆಡ್ಡು, ನಮ್ಮ ಹಿಟ್ಟಿನ ಚೀಲ, ನಮ್ಮ ಕರೆಂಟಿನ ತಂತಿ ಮತ್ತು ನನ್ನ ಅಕ್ಕನ ಬಲಗೈ ಹೆಬ್ಬೆರಳಿನ ಬುಡ ಈಗಾಗಲೇ ಕಬಳಿಕೆಯಾಗಿರುವುದರಿಂದ, ಹೆಚ್ಚುಕಡಿಮೆ ಸರಿಹೋಗುತ್ತದೆಂಬ ಭರವಸೆಯ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಎಲ್ಲರೂ ಓದುವಂತೆ ಏಕೆ ಬರೆಯುತ್ತಿದ್ದೇನೆಂದರೆ, ತಾವೊಬ್ಬರೇ ಓದಲೆಂದು ಬರೆದ ಹಿಂದಿನ ಪತ್ರಗಳಿಗೆಲ್ಲ ತಮ್ಮ ಕಚೇರಿಯಿಂದ "ತಮ್ಮ ಪತ್ರ ತಲುಪಿದೆ" ಎಂಬ ಒಂದೇ ಸಾಲಿನ ಉತ್ತರ ಬಂದಿದ್ದು, ತಲುಪಿದ ಮೇಲೆ ಅವುಗಳ ಗತಿ ಏನಾಯಿತೆಂದು ತಿಳಿಯದೆ ನನಗೆ ಆ ಪತ್ರಗಳ ಮೇಲೆಯೇ ಕನಿಕರ ಹುಟ್ಟಿಬಿಟ್ಟಿದೆ.

ನನ್ನ ಪರಿಚಯ ತಮಗಿರಲಾರದು. ತಮ್ಮ ಭಯನಿವಾರಣಾ ಸಂಶೋಧನಾಲಯದ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತಿರುವ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು ನಾನು. ಬೇಕರಿ ನನ್ನದಲ್ಲ, ಅಕ್ಕನದು. ಭಾವ ತೀರಿಕೊಂಡ ಮೇಲೆ ಒಲೆ ಆರಿಸಿ ಅಂಗಡಿ ಮಾರಿಬಿಡು ಎಂದು ನೆಂಟರಿಷ್ಟರೆಲ್ಲ ಬುದ್ಧಿ ಹೇಳಿದಾಗ, ಅವರಿಗೆಲ್ಲ ಒಂದೊಂದು ಬನ್ನು ಕೊಟ್ಟು ಕಳಿಸಿ, ಮಾರನೆಯ ದಿನ ತಾನೇ ಹಿಟ್ಟು ನಾದಲು ನಿಂತ ಹೆಂಗಸು ಅವಳು. ಅವಳ ಒಬ್ಬಳೇ ಮಗಳನ್ನು ಕುಳ್ಳಗಿರುವ ಕಾರಣಕ್ಕೆ ನಾವೆಲ್ಲ ಚೋಟಿ ಎಂದು ಕರೆಯುತ್ತೇವೆ. ನಾನು ಚೋಟಿಗೆ ಸೋದರಮಾವ. ಇಲಿ, ಜಿರಲೆ, ಗುಡುಗು ಮತ್ತು ಸರ್ಕಾರಿ ಲಕೋಟೆ, ಇವಿಷ್ಟಕ್ಕೂ ಹೆದರುವ ಮನುಷ್ಯ. ಹಾಗಾಗಿ ತಮ್ಮ ಸಂಶೋಧನಾಲಯ ನಮ್ಮ ಓಣಿಗೆ ಬರುತ್ತದೆಂದು ಕೇಳಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನೂ ನಾನೇ.

ಉದ್ಘಾಟನೆಯ ದಿನ ತಾವು ಮಾಡಿದ ಭಾಷಣ ನನಗೆ ಇವತ್ತಿಗೂ ಬಾಯಿಪಾಠ. ಭಯವೆಂಬುದು ಮೆದುಳಿನ ಒಂದು ಮೂಲೆಯಲ್ಲಿ ಕೂತಿರುವ ಹಳೇ ಬಾಡಿಗೆದಾರನೆಂದೂ, ತಮ್ಮ ವಿಜ್ಞಾನಿಗಳು ಒಂದು ವೈರಾಣುವನ್ನು ಪಳಗಿಸಿ ಇಲಿಯ ತಲೆಯೊಳಕ್ಕೆ ಕಳಿಸಿ ಆ ಬಾಡಿಗೆದಾರನನ್ನು ಖಾಲಿ ಮಾಡಿಸುತ್ತಾರೆಂದೂ, ಇಲಿಯಲ್ಲಿ ಗೆದ್ದರೆ ನಾಳೆ ಮನೆಯಿಂದ ಹೊರಬರಲೂ ಅಂಜುವ ರೋಗಿಗಳಿಗೆ ಹೊಸ ಬಾಳು ಸಿಗುತ್ತದೆಂದೂ ತಾವು ಹೇಳಿದಿರಿ. ಕೊನೆಗೆ, "ಪರಿಣಾಮಗಳು ಅನಿಶ್ಚಿತ, ಆದರೆ ಆಶಾದಾಯಕ" ಎಂದಿರಿ. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಓಣಿಯ ದರ್ಜಿ ಕೈಯೆತ್ತಿ, "ಅನಿಶ್ಚಿತ ಅಂದ್ರೆ ಏನು ಸ್ವಾಮಿ?" ಎಂದು ಕೇಳಿದ. ತಾವು ಮುಗುಳ್ನಕ್ಕು, "ಏನಾಗುತ್ತೆ ಅಂತ ಮೊದಲೇ ಗೊತ್ತಿದ್ರೆ ಅದು ಸಂಶೋಧನೆ ಹೇಗಾಗುತ್ತಪ್ಪ?" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಮಾತಿನಲ್ಲಿ ತಪ್ಪೇನೂ ಇಲ್ಲ, ಮಾನ್ಯರೇ. ಗೊತ್ತಿಲ್ಲದ್ದನ್ನು ಹುಡುಕಲು ಸರ್ಕಾರ ಕಾಸು ಬಿಚ್ಚಬಾರದೆಂದು ಹೇಳುವ ಮೂಢ ನಾನಲ್ಲ. ಚೋಟಿ ಹುಟ್ಟಿದಾಗ ಉಸಿರು ಸಿಗದೆ ನೀಲಿಗಟ್ಟಿದ್ದಳು. ಅವಳನ್ನು ಉಳಿಸಿದ ಔಷಧಿಯನ್ನೂ ಎಲ್ಲೋ ಯಾರೋ, ಏನಾಗುತ್ತದೋ ತಿಳಿಯದೆಯೇ ಹುಡುಕಿರಬೇಕು. ಅವರ ಹೊಟ್ಟೆ ತಣ್ಣಗಿರಲಿ. ನನ್ನ ತಕರಾರು ಬಹಳ ಚಿಕ್ಕದು: ಏನಾಗುತ್ತದೆಂದು ಗೊತ್ತಿಲ್ಲದ್ದು ಆಗುವುದಾದರೆ ಅದು ಯಾರ ಮನೆಯಲ್ಲಿ ಆಗಬೇಕೆಂಬುದು ಮಾತ್ರ ತಮಗೆ ಮೊದಲೇ ಗೊತ್ತಿದ್ದಂತಿದೆ. ಅದೊಂದು ವಿಷಯದಲ್ಲಿ ಅನಿಶ್ಚಿತತೆ ಲವಲೇಶವೂ ಇರಲಿಲ್ಲ. ತಮ್ಮ ಬಂಗಲೆಯ ಅಕ್ಕಪಕ್ಕದಲ್ಲಿ ಖಾಲಿ ನಿವೇಶನಗಳು ಬೇಕಾದಷ್ಟಿದ್ದರೂ ಸಂಶೋಧನಾಲಯಕ್ಕೆಂದು ಈ ಹಳೇ ಟೈರು ಗೋದಾಮನ್ನು ಹುಡುಕಿಕೊಂಡು ನಮ್ಮ ಓಣಿಯ ತನಕ ಬಂದ ತಮ್ಮ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ.

ಚೋಟಿಗೆ ಅಲ್ಲಿ ಕೆಲಸ ಸಿಕ್ಕಿತು. ಪಂಜರ ತೊಳೆಯುವುದು, ನೀರು ಬದಲಿಸುವುದು, ಕಾಳು ಹಾಕುವುದು. ಇಲಿಗಳೆಲ್ಲ ಹಾಲಿನಷ್ಟು ಬೆಳ್ಳಗೆ, ಕಣ್ಣು ಕೆಂಪು. ಅವಳು ನಾಲಿಗೆಯಿಂದ ಲೊಚ್ ಲೊಚ್ ಎಂದರೆ ಸಾಕು, ಎಲ್ಲವೂ ಪಂಜರದ ಮುಂದಕ್ಕೆ ಬಂದು ನಿಲ್ಲುತ್ತಿದ್ದವಂತೆ. ಮನೆಗೆ ಬಂದು ಅವುಗಳ ಕತೆಯನ್ನೇ ಹೇಳುತ್ತಿದ್ದಳು. ಔಷಧಿ ಚುಚ್ಚಿದ ಮೇಲೆ ಅವು ಕೈಗೂ ಹೆದರುವುದಿಲ್ಲ, ಬೆಂಕಿಗೂ ಹೆದರುವುದಿಲ್ಲ, ಬೆಕ್ಕಿನ ವಾಸನೆ ಹಚ್ಚಿದ ಬಟ್ಟೆ ಎಸೆದರೆ ಅದರ ಮೇಲೆಯೇ ಹೋಗಿ ಮಲಗುತ್ತವೆ ಎಂದು ಅವಳು ಹೇಳುವಾಗ ನಾನು ಕಾಲು ಮೇಲಕ್ಕೆತ್ತಿಕೊಂಡು ಕೇಳುತ್ತಿದ್ದೆ.

ಸಂಶೋಧನಾಲಯದ ನಿರ್ದೇಶಕರು ದಿನಾ ಸಂಜೆ ನಮ್ಮಲ್ಲಿಗೆ ಚಹಾ ಮತ್ತು ರಸ್ಕಿಗೆ ಬರುತ್ತಿದ್ದರು. ಮೃದು ಮಾತಿನ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಏನು ಕೇಳಿದರೂ "ನೋಡೋಣ" ಎನ್ನುವುದು ಅವರ ಪದ್ಧತಿಯಾದ್ದರಿಂದ ಓಣಿಯಲ್ಲಿ ಅವರ ಹೆಸರೇ ನೋಡೋಣ ಸಾಹೇಬರು ಎಂದಾಗಿತ್ತು. ಒಂದು ಸಂಜೆ ಚೋಟಿ ಗಲ್ಲಾದ ಪಕ್ಕದಲ್ಲೇ ನಿಂತು, ನಾನೂ ಅಕ್ಕನೂ ಕೇಳುವಂತೆ, ಅವರಿಗೆ ಹೇಳಿದಳು.

"ಸರ್, ಇಲಿ ಕೋಣೆ ಹಿಂದಿನ ಬಾಗಿಲ ಚಿಲಕ ಕೂರ್ತಾನೇ ಇಲ್ಲ. ಗಾಳಿ ಬಂದ್ರೆ ತಾನೇ ತೆಗೆದುಕೊಳ್ಳುತ್ತೆ. ನಾನು ಹಗ್ಗ ಕಟ್ಟಿ ನಿಲ್ಲಿಸಿದೀನಿ."

"ಹೌದಾ? ನೋಡೋಣಮ್ಮ."

"ಹೋದ ತಿಂಗಳೂ ಇದೇ ಹೇಳಿದ್ರಿ ಸರ್. ಒಬ್ಬ ಬಡಗಿನ ಕರೆಸಿದ್ರೆ ಆಯ್ತು. ಇಲ್ಲ ಅಂದ್ರೆ ನಮ್ಮ ಮಾವನೇ ಹಾಕಿಕೊಡ್ತಾರೆ."

ನೋಡೋಣ ಸಾಹೇಬರು ರಸ್ಕನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗಲೆಂದು ಕಾಯುತ್ತ, ಬಹಳ ಪ್ರೀತಿಯಿಂದ ವಿವರಿಸಿದರು. "ಹೊರಗಿನವರು ಕೈ ಹಾಕೋ ಹಾಗಿಲ್ಲಮ್ಮ. ಅನುದಾನದಲ್ಲಿ ಮೈಕ್ರೋಸ್ಕೋಪಿಗೆ ಬಾಬ್ತು ಇದೆ, ವಿದೇಶಿ ಸಮ್ಮೇಳನಕ್ಕೆ ಬಾಬ್ತು ಇದೆ. ಚಿಲಕ ಅನ್ನೋ ಬಾಬ್ತೇ ಇಲ್ಲ. ಎರಡನೇ ಹಂತ ಮಂಜೂರಾಗಲಿ, ಅದರಲ್ಲಿ ಸೇರಿಸೋಣ."

ವಿಜ್ಞಾನ ಎಷ್ಟು ಎತ್ತರಕ್ಕೆ ಹೋಗಿದೆಯೆಂದರೆ ಅಲ್ಲಿಂದ ಬಾಗಿಲಿನ ಚಿಲಕ ಕಾಣಿಸುವುದಿಲ್ಲವೆಂದು ನನಗೆ ಅವತ್ತು ಅರಿವಾಯಿತು.

ಚೋಟಿಗೆ ವಾರದ ರಜೆ ಇದ್ದ ದಿನ, ಬೇರೆ ಯಾರೋ ಪಂಜರ ತೊಳೆಯಲು ಬಂದವರು ಹಗ್ಗ ಬಿಚ್ಚಿ ಮತ್ತೆ ಕಟ್ಟುವುದನ್ನು ಮರೆತರು. ತೊಳೆದ ಪಂಜರಗಳು ತೆರೆದೇ ಇದ್ದವು, ಗಾಳಿಗೆ ಬಾಗಿಲೂ ತೆರೆಯಿತು. ಮಾರನೆಯ ಬೆಳಿಗ್ಗೆ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ, ತಮ್ಮ ಮೊದಲ ಪ್ರತಿನಿಧಿಯು ನಮ್ಮ ಗಾಜಿನ ಕಪಾಟಿನ ಮೇಲೆ ದರ್ಶನ ಕೊಟ್ಟಿತು. ಓಡಿಬರಲಿಲ್ಲ. ನಡೆದುಬಂತು. ಬಂದು, ಬಿಸಿ ಬ್ರೆಡ್ಡಿನ ಮೇಲೆ ಕೂತು, ಮುಂಗಾಲಿನಿಂದ ಮೀಸೆ ನೀವಿಕೊಂಡು, ಸಾಲಿನಲ್ಲಿದ್ದ ಶಾಲಾ ಮೇಡಮ್ಮನ ಮುಖವನ್ನು ಪರೀಕ್ಷಿಸಿತು. ಮೇಡಮ್ಮ ಚೀರಿದ ರಭಸಕ್ಕೆ ನಾನು ಸ್ಟೂಲಿನ ಮೇಲಿದ್ದೆ. ಹೇಗೆ ಹತ್ತಿದೆನೆಂದು ನನಗೇ ತಿಳಿಯದು.

ನಮ್ಮಲ್ಲೊಂದು ಬೆಕ್ಕಿತ್ತು, ದೊರೆ ಎಂದು ಅದರ ಹೆಸರು. ಓಣಿಯ ಇಲಿಗಳಿಗೆಲ್ಲ ಸಿಂಹಸ್ವಪ್ನವಾಗಿದ್ದ ಪ್ರಾಣಿ. ಅದು ಮೈ ಹುರಿಮಾಡಿಕೊಂಡು, ಬಾಲ ಅಲ್ಲಾಡಿಸುತ್ತ, ನೆಗೆಯಲು ಸಿದ್ಧವಾಯಿತು. ಆ ಬಿಳಿ ಇಲಿ ಕಪಾಟಿನಿಂದ ಇಳಿದು ನೇರವಾಗಿ ದೊರೆಯ ಹತ್ತಿರ ಹೋಗಿ ಅದರ ಮೂಗನ್ನು ಮೂಸಿ ನೋಡಿತು. ಹುಟ್ಟಿದಾಗಿನಿಂದ ಇಲಿಗಳ ಬೆನ್ನನ್ನಷ್ಟೇ ಕಂಡಿದ್ದ ದೊರೆಗೆ ಇಲಿಯ ಮುಖ ಹೇಗಿರುತ್ತದೆಂದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಜೀವ ಬಾಯಿಗೆ ಬಂದ ಅದು ಹಿಟ್ಟಿನ ಚೀಲಗಳ ತುತ್ತತುದಿಗೆ ಹತ್ತಿ, ಅಲ್ಲಿಂದ ಗವಾಕ್ಷಿಯ ಮೂಲಕ ಹಾರಿ, ಈಗ ದರ್ಜಿಯ ಅಂಗಡಿಯಲ್ಲಿ ಚಿಂದಿ ಬಟ್ಟೆಗಳ ಕೆಳಗೆ ವಾಸವಾಗಿದೆ. ಕರೆದರೆ ಬರುವುದಿಲ್ಲ. ತಮ್ಮ ಪ್ರಯೋಗ ಇಲಿಗಳಲ್ಲಿ ಭಯವನ್ನು ಹೋಗಲಾಡಿಸಿದ್ದಲ್ಲದೆ ಆ ಭಯವನ್ನು ವ್ಯರ್ಥವಾಗಲು ಬಿಡದೆ ಬೆಕ್ಕುಗಳಿಗೆ ಹಂಚಿರುವುದನ್ನು ತಮ್ಮ ವರದಿಯಲ್ಲಿ ದಯವಿಟ್ಟು ಸೇರಿಸಿಕೊಳ್ಳಬೇಕು.

ಅಷ್ಟು ಹೊತ್ತಿಗೆ ಉಳಿದವೂ ಬಂದಿದ್ದವು. ಒಲೆಯ ಬಿಸಿಗೆ ಮನಸೋತು, ಅದರ ಹಿಂದಿನ ಸಂದಿಯಲ್ಲಿ ಸಂಸಾರ ಹೂಡಿದವು. ಚೋಟಿ ಓಡಿಹೋಗಿ ವಿಷಯ ತಿಳಿಸಿದರೆ, ಮೇಲಿನವರ ಒಪ್ಪಿಗೆ ಬರುವ ತನಕ ಯಾರೂ ಏನೂ ಮಾಡಬಾರದೆಂದು ಸಾಹೇಬರು ಅಪ್ಪಣೆ ಕೊಟ್ಟರು. ಅಪ್ಪಣೆ ಕೇಳಿ ಹಿಟ್ಟು ಹುದುಗುವುದಿಲ್ಲವಾದ್ದರಿಂದ ಅಕ್ಕ ನಾದಲು ಕೂತಳು. ಹಿಟ್ಟಿನ ಗುಡ್ಡೆಯ ಆಚೆ ಕೂತಿದ್ದ ಇಲಿಯನ್ನು ಪಕ್ಕಕ್ಕೆ ಸರಿಸಲು ಕೈ ಚಾಚಿದಳು. ಬೇರೆ ಯಾವ ಇಲಿಯಾದರೂ ಪೇರಿ ಕೀಳುತ್ತಿತ್ತು. ಇದು ತಮ್ಮ ಇಲಿ. ಹೆಬ್ಬೆರಳಿನ ಬುಡಕ್ಕೆ ಹಲ್ಲಿಟ್ಟು ಬಿಡಲೇ ಇಲ್ಲ. ಬಿಳಿ ಹಿಟ್ಟೆಲ್ಲ ಕೆಂಪಾಯಿತು. ಸಂಜೆಯೊಳಗೆ ಕೈ ಮೊಣಕೈ ತನಕ ಊದಿ, ಮೈ ಕಾದ ತಗಡಿನಂತೆ ಸುಡತೊಡಗಿತು.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ನೋಡಿ, ಬೇಕಾದ ಚುಚ್ಚುಮದ್ದು ಕೊಟ್ಟು, ಆಮೇಲೆ ನಮ್ಮನ್ನು ಹೊರಗೆ ಕರೆದು, "ಇಲಿ ಕಚ್ಚಿದ್ದಕ್ಕೆ ನನಗೆ ಔಷಧಿ ಗೊತ್ತು. ಆದ್ರೆ ಆ ಇಲಿ ಒಳಗೆ ಏನಿತ್ತು? ಅದನ್ನ ಯಾರು ಹೇಳ್ತಾರೆ?" ಎಂದರು. ಸಂಶೋಧನಾಲಯಕ್ಕೆ ಫೋನು ಮಾಡಿದರೆ, ಅದು ಇನ್ನೂ ಪ್ರಕಟವಾಗದ ಮಾಹಿತಿ, ಮಂಡಳಿಗೆ ಅರ್ಜಿ ಬರೆದುಕೊಳ್ಳಿ ಎಂಬ ಉತ್ತರ ಬಂತು. ಅಕ್ಕನ ಜ್ವರಕ್ಕೆ ಓದುಬರಹ ಬಾರದಾದ್ದರಿಂದ ಅದು ಅರ್ಜಿಯ ವಿಲೇವಾರಿಯಾಗುವ ತನಕ ಕಾಯಲು ಒಪ್ಪಲಿಲ್ಲ. ಅವಳು ಗೋಡೆಯ ಕಡೆ ನೋಡುತ್ತ, ಸತ್ತುಹೋದ ನಮ್ಮ ಅವ್ವನೊಂದಿಗೆ ಯೀಸ್ಟಿನ ವಿಷಯ ಮಾತಾಡತೊಡಗಿದಳು.

ಆಗ ಚೋಟಿ ಎದ್ದು ಹೋದಳು. ಎಲ್ಲಿಗೆಂದು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡೋಣ ಸಾಹೇಬರ ಅಂಗಿಯ ತೋಳು ಹಿಡಿದುಕೊಂಡೇ ವಾರ್ಡಿನೊಳಕ್ಕೆ ಬಂದಳು. ಅವರ ಭುಜದಷ್ಟೂ ಎತ್ತರವಿಲ್ಲದ ಹುಡುಗಿ ಅವರನ್ನು ಮಂಚದ ಮುಂದೆ ತಂದು ನಿಲ್ಲಿಸಿ, "ಇವರೇ ನಮ್ಮಮ್ಮ. ಇವರ ಮುಖ ನೋಡ್ಕೊಂಡು ಹೇಳಿ" ಎಂದಳು.

ಸಾಹೇಬರು ಬೆವರು ಒರೆಸಿಕೊಂಡರು. "ಆ ವೈರಾಣು ಮನುಷ್ಯರಿಗೆ ಹತ್ತೋದಿಲ್ಲ ಅಂತ ನಾವು ನಂಬಿದೀವಿ," ಎಂದರು.

"ನಂಬಿದೀರೋ, ಗೊತ್ತೋ?" ಎಂದರು ಡಾಕ್ಟರಮ್ಮ.

"ಅದು... ನೋಡೋಣ."

ಅಕ್ಕನಿಗೆ ಆ ಕ್ಷಣದಲ್ಲಿ ಎಲ್ಲಿಂದ ಎಚ್ಚರ ಬಂತೋ, ಊದಿದ ಕೈಯನ್ನು ಹೊದಿಕೆಯ ಮೇಲಕ್ಕೆತ್ತಿ ಇಟ್ಟು ಕೇಳಿದಳು: "ನೋಡೋಕೆ ನನ್ನ ಕೈನೇ ಬೇಕಿತ್ತಾ ಸಾಹೇಬ್ರೇ?"

ಡಾಕ್ಟರಮ್ಮ ತಮಗೆ ತೋಚಿದ ಔಷಧಿಗಳನ್ನು ಒಂದಾದ ಮೇಲೊಂದು ಕೊಟ್ಟು ನೋಡಿದರು. ಜ್ವರ ಇಳಿಯಿತು. ಇಳಿದ ಮೇಲೆ ತಮ್ಮ ಮಂಡಳಿಯ ತಜ್ಞರೊಬ್ಬರು ಬಂದು ಅಕ್ಕನಿಗೆ ಕತ್ತಲೆ, ಎತ್ತರ, ಬೆಂಕಿ ಇತ್ಯಾದಿಗಳ ಭಯ ಮೊದಲಿಗಿಂತ ಕಡಿಮೆಯಾಗಿದೆಯೇ ಎಂದು ಪ್ರಶ್ನೆಗಳನ್ನು ಕೇಳಿ ಹೋದರು. ಅವಳಿಗೆ ಮೊದಲೂ ಯಾವುದರ ಭಯವೂ ಇರಲಿಲ್ಲವಾದ್ದರಿಂದ ಹೋಲಿಸಿ ನೋಡಲು ಏನೂ ಸಿಗದೆ ಅವರು ನಿರಾಶರಾದರೆಂದು ಕೇಳಿ ವಿಷಾದವಾಯಿತು.

ಇತ್ತ ಬೇಕರಿಯಲ್ಲಿ ಸರ್ಕಾರವು ಸಂಪೂರ್ಣವಾಗಿ ಎಚ್ಚೆತ್ತಿತ್ತು. ದಿನಾ ನಮ್ಮಲ್ಲೇ ಬ್ರೆಡ್ಡು ಕೊಳ್ಳುವ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದು, ಇಲಿ ಇರುವ ಜಾಗದಲ್ಲಿ ತಿಂಡಿ ಮಾರುವಂತಿಲ್ಲವೆಂದು ಬಾಗಿಲಿಗೆ ನೋಟೀಸು ಅಂಟಿಸಿ ಬೇಕರಿಯನ್ನು ಮುಚ್ಚಿಸಿದರು. ಸರಿ, ಇಲಿಗಳನ್ನು ಹಿಡಿಸುತ್ತೇವೆಂದರೆ, ಅದೇ ಬಾಗಿಲ ಇನ್ನೊಂದು ರೆಕ್ಕೆಗೆ ತಮ್ಮ ಮಂಡಳಿಯವರು ಒಂದು ನೋಟೀಸು ಅಂಟಿಸಿದರು. ಈ ಪ್ರಾಣಿಗಳು ಸರ್ಕಾರದ ಸ್ವತ್ತು, ಇವುಗಳಿಗೆ ಹಾನಿ ಮಾಡುವುದು ಶಿಕ್ಷಾರ್ಹ. ಎಂದರೆ, ಇಲಿ ಇರುವ ತನಕ ಅಂಗಡಿ ತೆಗೆಯುವಂತಿಲ್ಲ, ಅಂಗಡಿ ನಮ್ಮದೇ ಆದರೂ ಇಲಿ ತೆಗೆಯುವಂತಿಲ್ಲ. ಒಂದೇ ಬಾಗಿಲಿನ ಮೇಲೆ ಎರಡು ಇಲಾಖೆಗಳು ಇಷ್ಟು ಅನ್ಯೋನ್ಯವಾಗಿ ಬಾಳುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಮೈತುಂಬ ಬಿಳಿ ನಿಲುವಂಗಿ, ಮುಖಕ್ಕೆ ಮುಸುಕು ತೊಟ್ಟ ತಮ್ಮ ತಂಡ ಇಲಿ ಹಿಡಿಯಲು ಬಂತು. ಅವರ ವಿದ್ಯೆಯೆಲ್ಲ ಓಡುವ ಇಲಿಯನ್ನು ಅಟ್ಟಿಸಿಕೊಂಡು ಹೋಗುವುದರಲ್ಲಿತ್ತು. ಓಡದೆ ನಿಂತು, ಎದುರಿಗೆ ಬಂದು, ಪಾದದ ಮೇಲೆ ಹತ್ತಿ ಕೂರುವ ಇಲಿಯನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಇಲಿಗಳು ಓಡಲಿಲ್ಲ, ಅವರು ಓಡಿದರು. ಅವರಲ್ಲೊಬ್ಬನ ಬೂಟು ಇನ್ನೂ ನಮ್ಮಲ್ಲೇ ಇದೆ. ಬೇಕಾದವರು ಬಂದು ಒಯ್ಯಬಹುದು.

ಇಷ್ಟರಲ್ಲಿ ತಮ್ಮ ವಿಚಾರಣಾ ಸಮಿತಿಯೂ ಬಂದು, ಸಂಶೋಧನಾಲಯದಲ್ಲಿ ಊಟ ಮುಗಿಸಿ, ತೀರ್ಮಾನ ಕೊಟ್ಟು ಹೋಯಿತು. ಯೋಜನೆಯಲ್ಲಿ ದೋಷವಿಲ್ಲ, ಕಟ್ಟಡದಲ್ಲಿ ದೋಷವಿಲ್ಲ, ಅವಘಡಕ್ಕೆ ಪ್ರಾಣಿಪಾಲಕಿಯ ನಿರ್ಲಕ್ಷ್ಯವೇ ಕಾರಣ. ಅಂದು ಅವಳಿಗೆ ರಜೆಯಿತ್ತೆಂಬುದನ್ನು ಅವರು ಕೇಳಲಿಲ್ಲ. ಚೋಟಿ ತಾನಾಗಿಯೇ ಹೇಳಲು ಹೋದಾಗ, "ನಿನ್ನನ್ನ ಕರೆದಾಗ ಮಾತಾಡಮ್ಮ" ಎಂದರು, ಆಮೇಲೆ ಕರೆಯಲಿಲ್ಲ. ಸಾಹೇಬರು ಅಲ್ಲೇ ಕೂತಿದ್ದರು. ಚಿಲಕದ ಮಾತನ್ನು ಅವಳು ಎತ್ತಿದಾಗ ಅವರು ತಮ್ಮ ಬೂಟಿನ ತುದಿ ನೋಡಿಕೊಂಡರೆಂದು ಅವಳು ಮನೆಗೆ ಬಂದು ಹೇಳಿದಳು. ಕೆಲಸ ಹೋಯಿತು. ಓಣಿಯಲ್ಲಿ ಕೆಲವರು, ಪಾಪ ತಿಳಿಯದವರು, "ತಾಯಿಯ ಕೈಯನ್ನೇ ತಿನ್ನಿಸಿದಳಲ್ಲ" ಎಂದು ಮಾತಾಡಿಕೊಂಡರು. ಆ ಮಾತು ಅವಳ ಕಿವಿಗೂ ಬಿತ್ತು. ಅವತ್ತಿನಿಂದ ಅವಳು ಹಿತ್ತಲ ಬಾಗಿಲಿನಿಂದಲೇ ಓಡಾಡತೊಡಗಿದಳು. ಇಲಿಗಳ ತಲೆಯಿಂದ ಖಾಲಿ ಮಾಡಿಸಿದ ಬಾಡಿಗೆದಾರ ನಮ್ಮ ಹುಡುಗಿಯ ತಲೆಯಲ್ಲಿ ಬಂದು ಕೂತ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಕೈಗೆ ಪಟ್ಟಿ ಕಟ್ಟಿಕೊಂಡೇ ಬೇಕರಿಯತ್ತ ನಡೆದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೂಲೆಮೂಲೆಯಲ್ಲಿ ಕ್ಯಾಮೆರಾಗಳ ಕೆಂಪು ದೀಪ. ಭಾವ ಕೂರುತ್ತಿದ್ದ, ಆಮೇಲೆ ಅವಳು ಕೂರುತ್ತಿದ್ದ ಗಲ್ಲಾದ ಕುರ್ಚಿಯಲ್ಲಿ ತಮ್ಮ ಕಡೆಯ ಒಬ್ಬ ತರುಣ ವಿಜ್ಞಾನಿ ಕಾಲ ಮೇಲೆ ಕಾಲು ಹಾಕಿ ಏನೋ ಟೈಪು ಮಾಡುತ್ತಿದ್ದ. ನಿರ್ಭೀತ ಪ್ರಾಣಿಗಳು ಸಹಜ ಪರಿಸರದಲ್ಲಿ ಹೇಗೆ ಬಾಳುತ್ತವೆಂಬುದನ್ನು ಗಮನಿಸುವುದಕ್ಕೆ ಈ ಜಾಗ ಬಹಳ ಅನುಕೂಲವಾಗಿದೆಯೆಂದೂ, ಎರಡನೇ ಹಂತದ ಪ್ರಸ್ತಾವನೆ ಇವತ್ತೇ ಮಂಡಳಿಯ ಮುಂದೆ ಬರುತ್ತಿದೆಯೆಂದೂ ಅವನು ಹೆಮ್ಮೆಯಿಂದ ತಿಳಿಸಿದ.

"ಇದು ಯಾರ ಕುರ್ಚಿ?" ಎಂದಳು ಅಕ್ಕ.

ಅವನು ಎದ್ದು ನಿಂತ. ಆಮೇಲೆ ಹೊರಗೂ ಹೋದ. ಅಕ್ಕ ಮಗಳನ್ನು ಕೂಗಿದಳು. ಚೋಟಿ ಹಿತ್ತಲಿಂದ ಬಂದಾಗ, "ಮುಂಬಾಗಿಲಿಂದ ಬಾರೇ. ನಮ್ಮದೇ ಅಂಗಡಿ," ಎಂದಳು. ಬಂದ ಮೇಲೆ, "ಇವನ್ನೆಲ್ಲ ಹಿಡೀತೀಯಾ? ಅವರ ಸಾಮಾನು ಅವರಿಗೆ ವಾಪಸ್ ಕೊಟ್ಟು ಬರೋಣ," ಎಂದಳು.

ಚೋಟಿ ಒಲೆಯ ಮುಂದೆ ನೆಲದ ಮೇಲೆ ಕೂತು ಲೊಚ್ ಲೊಚ್ ಎಂದಳು. ಸಂದಿಯಿಂದ ಅವು ಒಂದೊಂದಾಗಿ ಬಂದು ಅವಳ ಮಡಿಲು ಹತ್ತಿದವು. ಅವಳು ಒಂದೊಂದನ್ನೂ ಎತ್ತಿ ಬ್ರೆಡ್ಡಿನ ಕ್ರೇಟಿನೊಳಗೆ ಬಿಡುತ್ತಿದ್ದರೆ, ನಾನು ಬೆಂಚಿನ ಮೇಲೆ ನಿಂತುಕೊಂಡು ಮುಚ್ಚಳ ಹಿಡಿದು ಮೇಲ್ವಿಚಾರಣೆ ನಡೆಸಿದೆ. ಅರ್ಧಕ್ಕೆ ಬಂದಾಗ ಅವಳ ಕೈ ನಿಂತಿತು.

"ಮಾವ, ಅಲ್ಲಿಗೆ ಹೋದ ಮೇಲೆ ಇವನ್ನ ಇಟ್ಕೊಳ್ಳಲ್ಲ. ಸಾಯಿಸಿಬಿಡ್ತಾರೆ."

"ಹಾಗಾದ್ರೆ ಬೇಡ ಬಿಡು ಮಗಾ. ಬೇರೆ ಏನಾದ್ರೂ ಯೋಚನೆ ಮಾಡೋಣ."

ಅವಳು ಸುಮ್ಮನಿದ್ದಳು. ಕೈಯಲ್ಲಿದ್ದ ಇಲಿ ಅವಳ ಬೆರಳ ಸಂದಿಯಲ್ಲಿ ಮೂಗು ತೂರಿಸುತ್ತಿತ್ತು. "ಇಲ್ಲಿದ್ರೆ ಇನ್ಯಾರನ್ನೋ ಕಚ್ಚುತ್ವೆ. ಶಾಲೆ ಪಕ್ಕದಲ್ಲೇ ಇದೆ," ಎಂದು ಅದನ್ನೂ ಕ್ರೇಟಿಗೆ ಬಿಟ್ಟಳು. ಮಾನ್ಯರೇ, ಪರಿಣಾಮಗಳನ್ನು ಹೇಗೆ ತೂಗಬೇಕೆಂದು ತಮ್ಮ ಮಂಡಳಿಗೆ ತಿಳಿಯಬೇಕಿದ್ದರೆ ಅವಳು ಸುಮ್ಮನಿದ್ದ ಆ ಒಂದು ಗಳಿಗೆಯಲ್ಲಿ ಅಲ್ಲಿರಬೇಕಿತ್ತು.

ಬ್ರೆಡ್ಡು ಹಂಚುವ ನಮ್ಮ ಮೂರು ಚಕ್ರದ ಗಾಡಿಯಲ್ಲಿ ಕ್ರೇಟುಗಳನ್ನು ಹೇರಿಕೊಂಡು, ಹಾಡಹಗಲಲ್ಲಿ, ಪೇಟೆಯ ನಡುವೆಯೇ ತಮ್ಮ ಕಚೇರಿಗೆ ಬಂದೆವು. ನಾನು ತುಳಿದೆ, ಅಕ್ಕ ಮುಂದೆ ನಡೆದಳು, ಚೋಟಿ ಕ್ರೇಟುಗಳ ಮೇಲೆ ಕೈಯಿಟ್ಟುಕೊಂಡು ಬಂದಳು. ಸಭೆ ನಡೆಯುತ್ತಿದೆ, ಯಾರನ್ನೂ ಒಳಗೆ ಬಿಡುವಂತಿಲ್ಲವೆಂದು ತಮ್ಮ ಜವಾನ ತಡೆದ. "ಸಭೆಗೆ ಬೇಕರಿಯಿಂದ ಬಂದಿದೆ" ಎಂದಳು ಅಕ್ಕ. ಅವಳು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲವೆಂಬುದನ್ನು ಗಮನಿಸಬೇಕು. ಅವನು ತಾನೇ ಬಾಗಿಲು ತೆಗೆದುಕೊಟ್ಟ.

ಮುಂದಿನದು ತಮಗೇ ಗೊತ್ತು. ಆದರೂ ಓದುಗರಿಗಾಗಿ ಹೇಳಬೇಕಾಗಿದೆ. ಉದ್ದನೆಯ ಮೇಜಿನ ಸುತ್ತ ತಾವೆಲ್ಲ ಕೂತಿದ್ದಿರಿ. ಅಕ್ಕ ಕ್ರೇಟುಗಳನ್ನು ಮೇಜಿನ ಮೇಲಿರಿಸಿ, "ನಿಮ್ಮ ಸ್ವತ್ತು ಅಂತ ನಮ್ಮ ಬಾಗಿಲಿಗೆ ಅಂಟಿಸಿದ್ರಲ್ಲ, ತಗೊಳ್ಳಿ. ಇನ್ನೊಬ್ಬರ ಸಾಮಾನು ಇಟ್ಕೊಂಡು ನಮಗೆ ಅಭ್ಯಾಸ ಇಲ್ಲ," ಎಂದು ಮುಚ್ಚಳ ತೆಗೆದಳು. ಇಲಿಗಳು ಯಾವ ಅವಸರವೂ ಇಲ್ಲದೆ ಹೊರಬಂದವು. ಒಂದು ನೀರಿನ ಲೋಟದಲ್ಲಿ ಮೂತಿಯಿಟ್ಟಿತು. ಒಂದು ಮೈಕಿನ ಬುಡದಲ್ಲಿ ಕೂತು ಸಭೆಯನ್ನು ಉದ್ದೇಶಿಸಿ ಮಾತಾಡುವಂತೆ ಮೀಸೆ ಅಲುಗಿಸಿತು. ಭಯವಿಲ್ಲದ ಸಮಾಜದ ನಿರ್ಮಾತೃಗಳೆಲ್ಲ ಕುರ್ಚಿಗಳ ಮೇಲೆ, ಕೆಲವರು ಒಂದೇ ಕುರ್ಚಿಯ ಮೇಲೆ ಇಬ್ಬರು, ಪರಸ್ಪರ ಅಪ್ಪಿಕೊಂಡು ನಿಂತಿದ್ದನ್ನು ಕಂಡು, ಹೆದರಿಕೆಯಲ್ಲಿ ನನಗಿಂತ ಹೆಚ್ಚು ಓದಿಕೊಂಡವರಿದ್ದಾರೆಂದು ನನಗೆ ಬಹಳ ಸಮಾಧಾನವಾಯಿತು. ಕಿಟಕಿಯ ಪರದೆಯ ಹಿಂದೆ ಕಾಣುತ್ತಿದ್ದ ಬೂಟುಗಳು ತಮ್ಮವೇ ಎಂದು ನಾನು ಹೇಳುವುದಿಲ್ಲ. ನೋಡೋಣ ಸಾಹೇಬರು ಮಾತ್ರ, ನನ್ನ ತಿಳಿವಳಿಕೆಯಲ್ಲಿ ಮೊದಲ ಬಾರಿಗೆ, ನೋಡೋಣ ಎನ್ನಲಿಲ್ಲ. "ಬಾಗಿಲು ಹಾಕ್ರೀ! ಬಾಗಿಲು ಹಾಕ್ರೀ!" ಎಂದು ಕೂಗಿದರು.

ಚೋಟಿ ಅವರ ಕಡೆ ತಿರುಗಿ ಕೇಳಿದಳು: "ಸರ್, ಈ ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಾ?"

ಕೊನೆಗೆ ಇಲಿಗಳನ್ನು ಒಟ್ಟುಗೂಡಿಸಿ ಪಂಜರಕ್ಕೆ ಹಾಕಲು ಅವಳನ್ನೇ ಬೇಡಿಕೊಂಡರು. ಹಾಕಿಕೊಟ್ಟಳು. ಹಿಂದಿನ ಬಾಗಿಲಿಂದ ಅವನ್ನು ಒಯ್ದರು. ಏನು ಮಾಡುತ್ತಾರೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಖಾಲಿ ಕ್ರೇಟಿನ ಮೇಲೆ ಕೈಯಿಟ್ಟುಕೊಂಡೇ ನಡೆದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಕ್ಕ ಒತ್ತಾಯ ಮಾಡಿದಾಗ, "ಅವಕ್ಕೆ ಯಾರನ್ನ ನಂಬಬಾರದು ಅಂತ ಗೊತ್ತೇ ಇರಲಿಲ್ಲಮ್ಮ. ನಾನು ಕರೆದೆ, ಬಂದ್ವು," ಎಂದಳು. ಅದಕ್ಕೆ ಉತ್ತರ ತಮ್ಮಲ್ಲಿದ್ದರೆ ತಿಳಿಸಬೇಕು.

ಆನಂತರ ತಮ್ಮ ಮಂಡಳಿ ತೋರಿದ ಔದಾರ್ಯವನ್ನು ಬಣ್ಣಿಸಲು ಮಾತು ಸಾಲದು. ಸರ್ಕಾರಿ ಸ್ವತ್ತನ್ನು ಅನುಮತಿಯಿಲ್ಲದೆ ಸಾಗಿಸಿದರೆಂದು ಅಕ್ಕ ಮತ್ತು ಚೋಟಿಯ ಮೇಲೆ ಪೊಲೀಸು ದೂರು ಕೊಟ್ಟಿರಿ. ಎರಡನೇ ಹಂತವನ್ನು ಮಂಜೂರು ಮಾಡಿದಿರಿ. ಅಪರಿಚಿತ ಜನಸಂದಣಿಯ ನಡುವೆಯೂ ಪ್ರಾಣಿಗಳ ನಿರ್ಭೀತಿ ಕುಗ್ಗಲಿಲ್ಲವೆಂಬುದನ್ನು ಮಂಡಳಿಯ ಸದಸ್ಯರು ಖುದ್ದಾಗಿ ಗಮನಿಸಿದ್ದಾರೆಂದು ಅದರಲ್ಲಿ ಬರೆದುಕೊಂಡಿದ್ದೀರಿ. ಕುರ್ಚಿಯ ಮೇಲಿಂದ ಗಮನಿಸಿದರೆಂದು ಬರೆಯುವುದೊಂದು ಬಿಟ್ಟುಹೋಗಿದೆ. ಚೋಟಿಯನ್ನು ಕರೆಸಿ, ಇಲಿ ಪಳಗಿಸುವವರು ಬೇರೆ ಸಿಗುತ್ತಿಲ್ಲವಾದ್ದರಿಂದ ಕೆಲಸ ಮರಳಿ ಕೊಡುತ್ತೇವೆ, ಬಾಗಿಲು ತೆರೆದು ಬಿಟ್ಟವಳು ನಾನೇ ಎಂದು ಒಂದು ಸಹಿ ಹಾಕು, ದೂರನ್ನೂ ಹಿಂದಕ್ಕೆ ಪಡೆಯುತ್ತೇವೆ ಎಂದಿರಿ. ಅವಳು ಪೆನ್ನನ್ನು ಮೇಜಿನ ಮೇಲಿಟ್ಟು, "ನಾನು ಮಾಡಿಲ್ಲ ಸರ್" ಎಂದಷ್ಟೇ ಹೇಳಿ ಎದ್ದು ಬಂದಳು. ಇಲಿಗಳು ಹೋದ ಮೇಲೆ ಮತ್ತೆ ಬಾಗಿಲು ತೆರೆದಿರುವ ಬೇಕರಿಯಲ್ಲಿ ಈಗ ಹಿಟ್ಟು ನಾದುವವಳು ಅವಳೇ. ಅಕ್ಕನ ಬಲಗೈ ಮುಷ್ಟಿ ಕಟ್ಟುವುದಿಲ್ಲ. ಕಟ್ಟುತ್ತದೋ ಇಲ್ಲವೋ, ಒಳಗೆ ಇನ್ನೇನಾದರೂ ಉಳಿದಿದೆಯೋ, ಕಾದು ನೋಡಬೇಕೆನ್ನುತ್ತಾರೆ ಡಾಕ್ಟರಮ್ಮ. ಅವರು ಹಾಗೆನ್ನುವಾಗ ಅವರ ಮುಖ ಸಣ್ಣದಾಗುತ್ತದೆ. ಅದೇ ಮಾತನ್ನು ತಾವು ಆಡುವಾಗ ಚಪ್ಪಾಳೆ ಬೀಳುತ್ತದೆ.

ಇನ್ನು ನನ್ನ ವಿನಮ್ರ ಬೇಡಿಕೆಗಳು. ಇಲಿಗಳ ತಲೆಯಿಂದ ತೆಗೆದ ಭಯವನ್ನು ಎಲ್ಲಿಯಾದರೂ ಸೀಸೆಯಲ್ಲಿ ತುಂಬಿಟ್ಟಿದ್ದರೆ, ಮಂಡಳಿಯ ಸದಸ್ಯರಿಗೆ ಯಾವುದೇ ಪ್ರಸ್ತಾವನೆಗೆ ಸಹಿ ಹಾಕುವ ಮುನ್ನ ತಲಾ ಒಂದು ಚಮಚದಂತೆ ಕುಡಿಸಬೇಕು. ವೈರಾಣು ಮನುಷ್ಯನ ಮೇಲೆ ಏನು ಮಾಡುತ್ತದೆಂಬುದರ ಬಗ್ಗೆ ಲೋಕದಲ್ಲಿ ಈಗಿರುವ ಏಕೈಕ ಅನುಭವ ನನ್ನ ಅಕ್ಕನ ಹೆಬ್ಬೆರಳಿನದಾದ್ದರಿಂದ, ತಮ್ಮ ಪ್ರಬಂಧದಲ್ಲಿ ಆ ಹೆಬ್ಬೆರಳನ್ನು ಸಹಲೇಖಕನಾಗಿ ಸೇರಿಸಬೇಕು. ಮುಂದಿನ ಸಂಶೋಧನಾಲಯವನ್ನು ತಮ್ಮ ಮೊಮ್ಮಕ್ಕಳು ಆಡುವ ಹಜಾರದ ಪಕ್ಕದ ಕೋಣೆಯಲ್ಲೇ ಕಟ್ಟಿಸಬೇಕು. ಆಗ ತಮ್ಮ ಕಟ್ಟಡ ವಿಭಾಗಕ್ಕೆ ಎಷ್ಟು ಬಗೆಯ ಬಾಬ್ತುಗಳು ತಾವಾಗಿ ಹೊಳೆಯುತ್ತವೆಂಬುದೇ ಒಂದು ಸಂಶೋಧನೆಯಾಗುತ್ತದೆ.

ಇವೆಲ್ಲ ಕಷ್ಟವಾಗುವುದಾದರೆ ಬಿಟ್ಟುಬಿಡಿ. ಎರಡು ಸಣ್ಣ ಕೆಲಸಗಳಿವೆ, ಅವಕ್ಕೆ ಯಾವ ಅನುದಾನವೂ ಬೇಡ. ಆ ಇಲಿಗಳೊಳಗೆ ಏನಿತ್ತೆಂದು ಡಾಕ್ಟರಮ್ಮನಿಗೆ ತಿಳಿಸಿ. ನಮ್ಮ ಹುಡುಗಿ ತಪ್ಪು ಮಾಡಲಿಲ್ಲವೆಂದು, ಅವಳ ಮೇಲೆ ಗೂಬೆ ಕೂರಿಸಿದಷ್ಟೇ ಗಟ್ಟಿ ದನಿಯಲ್ಲಿ, ಓಣಿಯವರೆಲ್ಲ ಕೇಳುವಂತೆ ಹೇಳಿ. ಹೇಳಿದರೆ ಏನಾಗುತ್ತದೆಂದು ನಾನು ಖಚಿತವಾಗಿ ಹೇಳಬಲ್ಲೆ: ಅವಳು ತಲೆಯೆತ್ತಿ ನಡೆಯುತ್ತಾಳೆ, ತಾವು ಒಂದು ದಿನ ತಲೆ ತಗ್ಗಿಸುತ್ತೀರಿ, ಮಾರನೆಯ ದಿನ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ.

ಇತಿ, ಇಷ್ಟಾದ ಮೇಲೂ ಈ ಪದ ಬರೆಯಲು ಕೈ ನಡುಗದೆ,
ತಮ್ಮ ವಿಶ್ವಾಸಿ,
ಬೇಕರಿಯ ಒಲೆಯವನು

ಮರೆತ ಮಾತು: ಸಭೆಯ ದಿನ ಪಂಜರಕ್ಕೆ ಹಾಕುವಾಗ ಒಂದು ಕಡಿಮೆ ಬಿತ್ತೆಂದು ಚೋಟಿ ಅಲ್ಲೇ ಹೇಳಿದ್ದಳು, ತಮ್ಮವರು ಎಂದಿನಂತೆ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅದು ತಮ್ಮ ಕೋಣೆಯ ಪುಸ್ತಕದ ಕಪಾಟಿನ ಹಿಂದೆ ಹೋಗಿದ್ದನ್ನು ನಾನು ನೋಡಿದ್ದೇನೆ. ಹೆಣ್ಣು, ಹೊಟ್ಟೆ ತುಂಬಿದ್ದಂತಿತ್ತು. ತಮ್ಮದೇ ನೋಟೀಸಿನ ಪ್ರಕಾರ ಅದಕ್ಕೆ ಹಾನಿ ಮಾಡುವಂತಿಲ್ಲವೆಂಬುದನ್ನು ನೆನಪಿಸಲು ಸಂತೋಷಪಡುತ್ತೇನೆ. ಅದು ಎದುರಿಗೆ ಬಂದು ಕೂತಾಗ ತಾವು ಬೆರಳುಗಳನ್ನು ಮಡಿಚಿಟ್ಟುಕೊಂಡು, ಕದಲದೆ ಕೂತಿರಬೇಕು. ಕದಲದೆ ಕೂರುವುದು ತಮಗೆ ಹೇಗೂ ಅಭ್ಯಾಸವಾಗಿದೆ.